ಎರಡು ಸೈರನ್‌ಗಳ ನಡುವಿನ ಅಕ್ಕ

ಬರೆಯುವ ಆಸೆ ಬೇಕಾದಷ್ಟಿದೆ, ಪುರುಸೊತ್ತೇ ಇಲ್ಲ ಎಂದು ಯಾರಾದರೂ ನನ್ನ ಮುಂದೆ ಹೇಳಿಕೊಂಡರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಹಾಗೆ ಹೇಳುವವರಲ್ಲಿ ಪಿಂಚಣಿ ತೆಗೆದುಕೊಂಡು ಆರಾಮಕುರ್ಚಿಯಲ್ಲಿ ಕೂತವರೇ ಹೆಚ್ಚು. ಅಂಥವರಿಗೆಲ್ಲ ನಾನು ಕಾರ್ಗಲ್ಲಿನ ಅಕ್ಕನ ವಿಷಯ ಹೇಳಿ ಕಳಿಸುತ್ತಿದ್ದೆ. ಹೋದ ತಿಂಗಳು ಅಕ್ಕ ತೀರಿಕೊಂಡರೆಂದು ಅವರ ಮಗ ಫೋನು ಮಾಡಿದ. ಇನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದೇ ಇಡಬೇಕು ಅನ್ನಿಸಿತು. ಹೆಸರು ಮಾತ್ರ ಹಾಕುವುದಿಲ್ಲ. “ನನ್ನ ಬಗ್ಗೆ ಎಲ್ಲಾದ್ರೂ ಬರೆದ್ರೆ ಹೆಸರು ಹಾಕ್ಬೇಡ ಮಾರಾಯ, ಊರಿನವರು ಓದೋದು ಬಿಟ್ಟು ನನ್ನ ಮುಖ ನೋಡ್ತಾರೆ” ಎಂದು ಅವರೇ ಹೇಳಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ನಾನು ಕೋಣಂದೂರಿನವನು, ಅಣೆಕಟ್ಟಿನ ಪಕ್ಕದ ಕಾರ್ಗಲ್ಲಿಗೆ ಬಂದು ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡಿದ್ದೆ. ನನಗೆ ಸಿಕ್ಕ ಕೋಣೆಯ ಗೋಡೆಗೆ ಅಂಟಿಕೊಂಡೇ ಒಬ್ಬ ಓವರ್‌ಸಿಯರರ ಮನೆ ಇತ್ತು. ಅವರ ಹೆಂಡತಿಯೇ ಈ ಅಕ್ಕ. ಗಂಡ, ಅತ್ತೆ, ಶಾಲೆಗೆ ಹೋಗುವ ಮೂರು ಮಕ್ಕಳು, ವಾರಕ್ಕೊಮ್ಮೆಯಾದರೂ ಬಂದು ಉಳಿಯುವ ನೆಂಟರು. ಬೆಳಿಗ್ಗೆ ಕಣ್ಣು ಬಿಟ್ಟರೆ ಗೋಡೆಯಾಚೆಯಿಂದ ಅವರ ಗಟ್ಟಿ ದನಿ ಕೇಳುತ್ತಿತ್ತು. ತೀರ್ಥಹಳ್ಳಿ ಕಡೆಯ ಹೆಣ್ಣುಮಗಳು, ಎತ್ತರದ ಆಳು, ನಡೆದರೆ ನಮ್ಮ ಕೋಣೆಯ ಲೋಟ ಅಲ್ಲಾಡಬೇಕು. ಈ ಹೆಂಗಸು ಒಂದು ಕಾದಂಬರಿ ಬರೆಯುತ್ತಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಯಾಕೆಂದರೆ ಆ ಮನೆಗಳ ಸಾಲಿನಲ್ಲಿ ಸಾಹಿತಿ ಎಂದರೆ ನಾನೊಬ್ಬನೇ ಎಂಬ ಭ್ರಮೆ ನನಗಿತ್ತು.

ಅಣೆಕಟ್ಟಿನ ಕೆಲಸಕ್ಕೆ ದಿನವೂ ಮಧ್ಯಾಹ್ನ ಬಂಡೆ ಸಿಡಿಸುತ್ತಿದ್ದರು. ಅದಕ್ಕೆ ಮೊದಲು ಒಂದು ಸೈರನ್ ಊದುತ್ತಿತ್ತು. ಕೆಂಪು ಬಾವುಟ ಹಿಡಿದವರು ದಾರಿಗಳಿಗೆ ಅಡ್ಡ ನಿಲ್ಲುತ್ತಿದ್ದರು. ಯಾರು ಎಲ್ಲಿದ್ದರೋ ಅಲ್ಲೇ ಒಂದು ಸೂರಿನಡಿ ಸೇರಿಕೊಳ್ಳಬೇಕು. ಮದ್ದು ಸಿಡಿದು, ಎಲ್ಲ ಸರಿಯಿದೆ ಎಂದು ಎರಡನೆಯ ಸೈರನ್ ಊದುವವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಕೆಲವು ದಿನ ಅದು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು, ಕೆಲವು ದಿನ ಅರ್ಧ ಗಂಟೆ. ಎಲ್ಲರಿಗೂ ಅದೊಂದು ರಗಳೆ. ಸಂತೆಗೆ ಹೊರಟವರು ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದು ಶಾಪ ಹಾಕುತ್ತಿದ್ದರು.

ಒಂದು ದಿನ ನನಗೆ ಜ್ವರ. ರಜೆ ಹಾಕಿ ಮಲಗಿದ್ದವನು ಬಿಸಿನೀರು ಕೇಳೋಣವೆಂದು ಪಕ್ಕದ ಮನೆಗೆ ಹೋದೆ. ಹೊಸಿಲು ದಾಟುವುದಕ್ಕೂ ಸೈರನ್ ಊದುವುದಕ್ಕೂ ಸರಿಹೋಯಿತು. ಅಕ್ಕ ಒಲೆಯ ಮೇಲಿದ್ದ ಪಾತ್ರೆ ಕೆಳಗಿಳಿಸಿ, ಕೈ ತೊಳೆದು, ಸೆರಗಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡರು. ನನ್ನನ್ನು ಕಂಡು ಅವರ ಮುಖ ಸಣ್ಣಗಾಯಿತು.

“ಎಂತಕ್ಕೆ ಈಗಲೇ ಬಂದೆ ಮಾರಾಯ! ಇನ್ನು ನಿನ್ನ ಹೊರಗೆ ಕಳಿಸೋ ಹಾಗೂ ಇಲ್ಲ. ಬಿಸಿನೀರು ಅಲ್ಲಿದೆ, ಕುಡಿ. ಕುಡಿದು ಗೋಡೆ ಕಡೆ ತಿರುಗಿ ಕೂತ್ಕ.”

“ಗೋಡೆ ಕಡೆಗಾ?”

“ಹೌದು. ಯಾರಾದ್ರೂ ನೋಡ್ತಾ ಇದ್ರೆ ನಂಗೆ ಬರೆಯಕ್ಕೆ ಬರಲ್ಲ.”

ಜ್ವರದ ಮೈಯಲ್ಲಿ ಲೋಟ ಹಿಡಿದು, ಶಾಲೆಯಲ್ಲಿ ಶಿಕ್ಷೆ ತಿಂದವನ ಹಾಗೆ ಗೋಡೆ ನೋಡುತ್ತ ಕೂತೆ. ಬೆನ್ನ ಹಿಂದೆ ಲೇಖನಿ ಓಡುವ ಸದ್ದು. ದೂರದಲ್ಲಿ ಮದ್ದು ಸಿಡಿಯಿತು, ಹೆಂಚಿನ ಸಂದಿಯಿಂದ ಧೂಳು ಉದುರಿತು, ಲೇಖನಿ ನಿಲ್ಲಲಿಲ್ಲ. ಎರಡನೆಯ ಸೈರನ್ ಊದಿದ ಕೂಡಲೇ ಟಕ್ಕೆಂದು ಬೆರಳಿನ ಗೆಣ್ಣಿನಿಂದ ಮರಕ್ಕೆ ಹೊಡೆದ ಸದ್ದಾಯಿತು. “ತಿರುಗಿ ಕೂತ್ಕಬಹುದು” ಎಂದರು. ನೋಡಿದರೆ ಅವರ ಮುಂದೆ ಇದ್ದದ್ದು ಸಿಡಿಮದ್ದು ತುಂಬಿ ಬಂದಿದ್ದ ಖಾಲಿ ಮರದ ಪೆಟ್ಟಿಗೆ. ಅಪಾಯ ಎಂದು ಕೆಂಪು ಬಣ್ಣದಲ್ಲಿ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಆಗ ಕಾರ್ಗಲ್ಲಿನ ಅರ್ಧ ಮನೆಗಳಲ್ಲಿ ಆ ಪೆಟ್ಟಿಗೆಗಳೇ ಮಣೆ, ಮೇಜು, ಅಕ್ಕಿಡಬ್ಬಿ. ಅದರ ಮೇಲೆ, ಆಫೀಸಿನವರು ಬಿಸಾಡಿದ ನಕ್ಷೆಗಳ ಬೆನ್ನಿಗೆ, ಅಕ್ಕ ಬರೆಯುತ್ತಿದ್ದರು.

ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು. “ಇದನ್ನಾದರೂ ಮುಗಿಸಿ ಅಕ್ಕಾ” ಎಂದೆ.

“ಬೇಡ. ಸೈರನ್ ಆಯ್ತು ಅಂದ್ರೆ ಆಯ್ತು. ಅರ್ಧ ಬಿಟ್ರೆ ನಾಳೆ ಎಲ್ಲಿ ಹಿಡಿಬೇಕು ಅಂತ ಗೊತ್ತಿರುತ್ತೆ. ಪೂರ್ತಿ ಮಾಡಿದ್ರೆ ನಾಳೆ ಅರ್ಧ ಹೊತ್ತು ತಲೆ ಕೆರ್ಕೊಳ್ಳೋದ್ರಲ್ಲೇ ಹೋಗುತ್ತೆ.”

ಇಷ್ಟು ಹೇಳಿ ಒಲೆಯ ಮುಂದೆ ಹೋಗಿ, ಆ ಪೆಟ್ಟಿಗೆಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಸಾರಿಗೆ ಹುಳಿ ಕಿವುಚತೊಡಗಿದರು. ನಾನು ಜ್ವರ ಮರೆತು ಬಾಯಿ ಬಿಟ್ಟುಕೊಂಡು ಕೂತಿದ್ದೆ. ದಿನದಲ್ಲಿ ಆ ಒಂದು ಹೊತ್ತಿನಲ್ಲಿ ಗಂಡ ಸೈಟಿನಲ್ಲಿ, ಮಕ್ಕಳು ಶಾಲೆಯಲ್ಲಿ, ಅತ್ತೆ ಎದುರು ಮನೆಯ ಜಗಲಿಯಲ್ಲಿ ಸಿಕ್ಕಿಬಿದ್ದಿರುತ್ತಿದ್ದರು. ಯಾರೂ ಬಂದು ಬಾಗಿಲು ತಟ್ಟುವ ಹಾಗಿಲ್ಲ. ಕಾನೂನೇ ಅವರ ಕಾವಲಿಗೆ ನಿಂತಿತ್ತು.

ಈಗ ನನ್ನ ವಿಷಯ ಸ್ವಲ್ಪ ಹೇಳಲೇಬೇಕು. ಆಗ ನನ್ನ ತಲೆಯಲ್ಲಿ ಮೂರು ಸಂಪುಟಗಳ ಕಾದಂಬರಿಯೊಂದು ಇತ್ತು. ನಾಲ್ಕು ತಲೆಮಾರು, ಎರಡು ಊರು, ಒಂದು ಕೊಲೆ. ಅದಕ್ಕೆ ತಕ್ಕ ಮೇಜು ಬೇಕೆಂದು ಸಾಗರಕ್ಕೆ ಹೋಗಿ, ಸಂಬಳದ ಹಣದಲ್ಲಿ ಡ್ರಾಯರ್ ಇರುವ ಮೇಜೊಂದನ್ನು ಕೊಂಡು ಬಸ್ಸಿನ ಟಾಪಿನ ಮೇಲೆ ಹೇರಿಸಿಕೊಂಡು ಬಂದೆ. ಬಸ್ ಸ್ಟ್ಯಾಂಡಿನಿಂದ ಕೋಣೆಯವರೆಗೆ ಅದು ಮೆರವಣಿಗೆಯಲ್ಲಿ ಬಂತು. ದಿನಕ್ಕೆ ಹತ್ತು ಪುಟ ಎಂದು ಗೋಡೆಗೆ ಚೀಟಿ ಅಂಟಿಸಿದೆ. ಮೊದಲ ದಿನ ಆರು ಪುಟ ಬರೆದೆ. ಎರಡನೆಯ ದಿನ ಆರನ್ನೂ ಹರಿದೆ. ಆಮೇಲೆ ಆ ಮೇಜಿನ ಮೇಲೆ ಬನಿಯನ್ ಒಣಗುತ್ತಿತ್ತು.

ಅಕ್ಕ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಮೇಜು ಎಂತ ಬರೀತು ಇವತ್ತು?”

ಒಂದು ಸಂಜೆ ರೇಗಿ ಹೋಗಿ, ನಿಮ್ಮ ಹಾಗೆ ಚೂರುಚೂರು ಬರೆದರೆ ದೊಡ್ಡ ಕೃತಿ ಆಗುವುದಿಲ್ಲ ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ಮೊರದಲ್ಲಿದ್ದ ಅಕ್ಕಿಯಿಂದ ಕಲ್ಲು ಹೆಕ್ಕುತ್ತಲೇ ಹೇಳಿದರು: “ಅಲ್ಲಿ ಗುಡ್ಡ ಒಡೀತಾರಲ್ಲ, ಒಂದೇ ಸಲಕ್ಕೆ ಒಡೀತಾರನ? ಬೆಳಿಗ್ಗೆಯಿಂದ ಕೂತು ಒಂದು ಸಾಲು ತೂತು ಕೊರೀತಾರೆ, ಮಧ್ಯಾಹ್ನ ಅಷ್ಟನ್ನು ಹಾರಿಸ್ತಾರೆ. ನಾಳೆಗೆ ಇನ್ನೊಂದು ಸಾಲು. ಗುಡ್ಡ ನೋಡಿದ್ರೆ ಕೈಕಾಲು ಬೀಳುತ್ತೆ, ತೂತು ನೋಡ್ಬೇಕು. ನಂದು ಒಂದು ಸೈರನ್ನಿಗೆ ಕತೆಲಿ ಒಂದು ಜಗಳ. ಇಲ್ಲ, ಒಬ್ಬರು ಬಂದು ಹೋಗೋದು. ಅಷ್ಟೇ. ನಿನ್ನ ಕೈಲಿ ಎಷ್ಟಾಗುತ್ತೆ ಹೇಳು. ಹತ್ತು ಪುಟ ಅಂತ ಹೇಳ್ಬೇಡ ಮತ್ತೆ.”

“ಒಂದು ಪುಟ” ಎಂದೆ.

“ಅರ್ಧ ಅಂತ ಇಟ್ಕ. ಒಂದು ಬರೆದ ದಿನ ಖುಷಿ ಪಡು.”

ಬೆಳಗಿನಿಂದ ಸೈರನ್ನಿನವರೆಗೆ ಅವರು ಸುಮ್ಮನೆ ಕೆಲಸ ಮಾಡುತ್ತಿದ್ದಾರೆಂದು ನೀವು ತಿಳಿಯಬಾರದು. ಬಟ್ಟೆ ಒಗೆಯುವಾಗ, ದೋಸೆ ಹೊಯ್ಯುವಾಗ ತುಟಿ ಅಲ್ಲಾಡುತ್ತಿತ್ತು. ಅವತ್ತಿನ ಜಗಳವನ್ನು ಎರಡೂ ಕಡೆಯಿಂದ ಆಡಿ ನೋಡುತ್ತಿದ್ದರು. ಅತ್ತೆ ಅದನ್ನು ದೇವರ ನಾಮ ಎಂದು ತಿಳಿದಿದ್ದರು. ಸೈರನ್ ಊದುವ ಹೊತ್ತಿಗೆ ತೂತು ಕೊರೆದು ಮುಗಿದಿರುತ್ತಿತ್ತು, ಹಾರಿಸುವುದೊಂದೇ ಬಾಕಿ.

ಒಮ್ಮೆ ಹಾಕಿದ ಮದ್ದಿನಲ್ಲಿ ಸ್ವಲ್ಪ ಸಿಡಿಯದೆ ಉಳಿಯಿತು. ಅದನ್ನು ತೆಗೆದು ಸರಿಮಾಡುವವರೆಗೆ ಎರಡನೆಯ ಸೈರನ್ ಊದಲಿಲ್ಲ. ಊಟದ ಹೊತ್ತು ಮೀರಿತು, ಕಾಲೊನಿಯೆಲ್ಲ ಹಸಿದು ಬೈದಾಡಿತು. ಸಂಜೆ ಅಕ್ಕನನ್ನು ನೋಡಿದರೆ ಮುಖ ಮದುವೆಮನೆಯಾಗಿತ್ತು. ಒಂದಿಡೀ ಅಧ್ಯಾಯ ಮುಗಿದಿತ್ತಂತೆ. ಹಾಗಾದರೆ ನಾಳೆಯಿಂದ ಹೆಚ್ಚು ಬರೆಯಬಹುದಲ್ಲ ಎಂದೆ. “ಇವತ್ತು ಹಬ್ಬ ಮಾರಾಯ. ದಿನಾ ಹಬ್ಬದೂಟ ಬೇಕು ಅಂದ್ರೆ ಎಲ್ಲಿಂದ ತರೋದು? ನಾಳೆ ಮತ್ತೆ ಗಂಜಿನೇ” ಎಂದು ನಕ್ಕರು. ಮಾರನೆಯ ದಿನ ಒಂದು ಜಗಳ ಬರೆದು, ಗೆಣ್ಣಿನಿಂದ ಪೆಟ್ಟಿಗೆಗೆ ಹೊಡೆದು ಎದ್ದರು. ಅವರ ಬರವಣಿಗೆಗಿಂತ ಆ ಗಂಜಿಯ ಮಾತೇ ನನ್ನನ್ನು ಬರಹಗಾರನನ್ನಾಗಿ ಮಾಡಿತು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಅವರು ಬರೆಯುತ್ತಿದ್ದದ್ದು ತಮ್ಮ ಚಿಕ್ಕಮ್ಮನ ಕತೆ. ತೀರ್ಥಹಳ್ಳಿಯ ಪೇಟೆಯಲ್ಲಿ ಒಂದು ಊಟದ ಹೋಟೆಲು ನಡೆಸುತ್ತಿದ್ದ ಹೆಂಗಸು. ಹರೆಯದಲ್ಲಿ ಗಂಡನ ಮನೆಯಲ್ಲಿ ಹೊಡೆತ ತಿಂದು ತಿಂದು, ಒಂದು ದಿನ ಉಟ್ಟ ಸೀರೆಯಲ್ಲೇ ಹೊರಟು ಬಂದವರು. ಆಮೇಲೆ ಊರು ಅವರ ಬಗ್ಗೆ ಆಡದ ಮಾತಿಲ್ಲ. ತೌರಿನವರೂ ಮಾತು ಬಿಟ್ಟಿದ್ದರು. ಕದ್ದುಮುಚ್ಚಿ ಹೋಗಿ ಬರುತ್ತಿದ್ದದ್ದು ಅಕ್ಕ ಒಬ್ಬರೇ. ಚಿಕ್ಕಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. “ಎಲ್ರೂ ನನ್ನ ಕತೆಯ ಅವರವರ ಬಾಯಿಗೆ ಬಂದ ಹಾಗೆ ಹೇಳಿದ್ರು. ಸರಿಯಾಗಿ ಹೇಳಿದ್ದನ್ನ ಒಂದ್ಸಲ ನನ್ನ ಕಿವಿಲಿ ಕೇಳ್ಬೇಕು. ನೀನು ಓದಿದವಳು, ಬರಿ. ನಾನು ಇರುವಾಗಲೇ ಬರಿ” ಎಂದು ಅವರು ಅಕ್ಕನ ಕೈ ಹಿಡಿದು ಹೇಳಿದ್ದರಂತೆ. ಆ ಚಿಕ್ಕಮ್ಮನಿಗೆ ಈಗ ಉಬ್ಬಸ ಹಿಡಿದಿತ್ತು. ತೀರ್ಥಹಳ್ಳಿಯಿಂದ ಬಂದವರ ಬಾಯಲ್ಲಿ, ಈ ಚಳಿಗಾಲ ಕಳೆದರೆ ಹೆಚ್ಚು ಎಂಬ ಮಾತು ಬರತೊಡಗಿತ್ತು. ಅಕ್ಕನ ಅವಸರವೆಲ್ಲ ಅದೇ. ಆದರೆ ಅವಸರಕ್ಕೆಂದು ಸೈರನ್ ಎರಡು ಸಲ ಊದುವುದಿಲ್ಲವಲ್ಲ.

ಊದುವುದು ನಿಂತೇ ಹೋಯಿತು. ಬಂಡೆ ಒಡೆಯುವ ಕೆಲಸ ಮುಗಿಯಿತು. ಇನ್ನು ಹೆಂಚು ಒಡೆಯುವುದಿಲ್ಲ, ಧೂಳಿಲ್ಲ ಎಂದು ಕಾಲೊನಿಯಲ್ಲಿ ಮನೆಮನೆಗೆ ಸಿಹಿ ಹಂಚಿದರು. ಅಕ್ಕ ನನಗೂ ಒಂದು ತಟ್ಟೆಯಲ್ಲಿ ತಂದುಕೊಟ್ಟರು. ಕಣ್ಣು ಕೆಂಪಾಗಿತ್ತು.

“ಎಲ್ರೂ ಖುಷಿಲಿದಾರೆ. ನನ್ನ ಹೊತ್ತು ಹೋಯ್ತಲ್ಲ ಮಾರಾಯ” ಎಂದರು. ಅಷ್ಟು ಗಟ್ಟಿ ದನಿಯ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಒಂದು ತಮಾಷೆ ನಡೆಯಿತು. ಸೈರನ್ ನಿಂತರೂ ಜನ ನಿಲ್ಲುವುದನ್ನು ಬಿಡಲಿಲ್ಲ. ಮಧ್ಯಾಹ್ನ ಆ ಹೊತ್ತಾದರೆ ಸಾಕು, ಹೆಂಗಸರು ಬಿಂದಿಗೆ ಹಿಡಿದುಕೊಂಡು ಒಳಗೆ ಓಡುತ್ತಿದ್ದರು. ಅತ್ತೆ ಎದುರು ಜಗಲಿಯಿಂದ ಏಳುತ್ತಿರಲಿಲ್ಲ. ನಾಯಿಗಳು ಕೂಡ ದಾರಿ ಬಿಟ್ಟು ಸೂರಿನಡಿ ಹೋಗುತ್ತಿದ್ದವು. ಆ ಬಿಟ್ಟಿ ಹೊತ್ತಿನಲ್ಲಿ ಅಕ್ಕ ಇನ್ನಷ್ಟು ಜಗಳ ಬರೆದರು. ಆದರೆ ಅಭ್ಯಾಸ ಎಷ್ಟು ದಿನ ಉಳಿದೀತು? ಬರಬರುತ್ತಾ ಬಾಗಿಲು ತಟ್ಟುವವರು ಶುರುವಾದರು, ಅತ್ತೆಗೆ ಅದೇ ಹೊತ್ತಿಗೆ ಬಿಸಿನೀರು ಬೇಕಾಯಿತು. ಅಷ್ಟರಲ್ಲಿ ಓವರ್‌ಸಿಯರರಿಗೆ ಹೊಸನಗರದ ಕಡೆ ರಸ್ತೆ ಕೆಲಸಕ್ಕೆ ವರ್ಗವಾಯಿತು. ಲಾರಿಗೆ ಸಾಮಾನು ಹೇರುವಾಗ ಅಕ್ಕ ಆ ಮದ್ದಿನ ಪೆಟ್ಟಿಗೆಯನ್ನು ತಾವೇ ಎತ್ತಿ ಇಟ್ಟರು. ಕತೆ ಮುಕ್ಕಾಲು ಪಾಲು ಆಗಿತ್ತು. ಇನ್ನು ಇದು ಮುಗಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಕೆಲವು ತಿಂಗಳ ಮೇಲೆ ಊರಿಗೆ ಹೋಗುವಾಗ ಹೊಸನಗರದಲ್ಲಿ ಇಳಿದು ಅವರ ಮನೆ ಹುಡುಕಿಕೊಂಡು ಹೋದೆ. ಮಟಮಟ ಮಧ್ಯಾಹ್ನ. ಓವರ್‌ಸಿಯರರು ತಮ್ಮ ಮನೆಯ ಅಂಗಳದ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಅತ್ತೆ, ಎಲೆಯಡಿಕೆ ತಟ್ಟೆ.

“ಬನ್ನಿ ಮಾರಾಯ್ರೆ, ಕೂತ್ಕೊಳ್ಳಿ. ಈಗ ಒಳಗೆ ಹೋಗೋ ಹಾಗಿಲ್ಲ. ಒಳಗೆ ಬ್ಲಾಸ್ಟಿಂಗ್ ಇದೆ” ಎಂದರು ಓವರ್‌ಸಿಯರರು, ಸೈಟಿನಲ್ಲಿ ಹೇಳುವಷ್ಟೇ ಗಂಭೀರವಾಗಿ.

ನೋಡಿದರೆ ಮುಚ್ಚಿದ ಬಾಗಿಲಿಗೆ ಒಂದು ಕೆಂಪು ಬಾವುಟ ಕಟ್ಟಿತ್ತು. ಲಿಂಗನಮಕ್ಕಿಯಲ್ಲಿ ದಾರಿಗೆ ಅಡ್ಡ ಹಿಡಿಯುತ್ತಿದ್ದರಲ್ಲ, ಅದೇ ಬಾವುಟ. ಗಂಡನ ಹಳೆಯ ಸಾಮಾನಿನಲ್ಲಿ ಸಿಕ್ಕಿದ್ದನ್ನು ಅಕ್ಕ ಒಂದು ಮಧ್ಯಾಹ್ನ ಬಾಗಿಲಿಗೆ ಕಟ್ಟಿ ಒಳಗೆ ಹೋಗಿ ಕೂತರಂತೆ. ಊಟಕ್ಕೆಂದು ಬಂದ ಓವರ್‌ಸಿಯರರು ಅದನ್ನು ಕಂಡು ಅಂಗಳದಲ್ಲೇ ನಿಂತುಬಿಟ್ಟರು. ಯಾಕೆಂದು ಯೋಚಿಸಲೇ ಇಲ್ಲ. ಕೆಂಪು ಕಂಡರೆ ನಿಲ್ಲುವುದು ಅವರ ಕಾಲಿಗೇ ರೂಢಿಯಾಗಿತ್ತು. ಅವರು ನಿಂತದ್ದನ್ನು ಕಂಡು ಅತ್ತೆಯೂ ಮಕ್ಕಳೂ ನಿಂತರು. ಅರ್ಧ ಗಂಟೆಯ ಮೇಲೆ ಅಕ್ಕ ಬಾಗಿಲು ತೆಗೆದು ಬಾವುಟ ಬಿಚ್ಚಿಕೊಂಡಾಗ, ಎಂತದೇ ಇದು ಎಂದು ಅತ್ತೆ ಕೇಳಿದರಂತೆ. ಅಕ್ಕ ಎಲ್ಲವನ್ನೂ ಹೇಳಿದರು. ಚಿಕ್ಕಮ್ಮನ ವಿಷಯವನ್ನೂ.

“ನಾನು ಬೈತೀನಿ ಅಂತ ಇಷ್ಟು ವರ್ಷ ಬಚ್ಚಿಟ್ಟಿದ್ದಾಳೆ ನೋಡಿ” ಎಂದರು ಅತ್ತೆ ನನಗೆ. “ಹೇಳಿದ್ರೆ ನಾನೇ ಬಾಗ್ಲು ಕಾಯ್ತಿರ್ಲಿಲ್ವ? ಆ ಹೆಂಗಸಿನ ಕೈ ಊಟ ನಾನೂ ಉಂಡಿದೀನಿ. ಅಂಥ ಹುಳಿ ಯಾರಿಗೂ ಮಾಡಕ್ಕೆ ಬರಲ್ಲ.” ಹಾಲಿನವಳು ಬಂದರೂ ಅಳಿಯನೇ ಬಂದರೂ ಆ ಹೊತ್ತಿನಲ್ಲಿ ಅತ್ತೆ ಒಳಗೆ ಬಿಡುತ್ತಿರಲಿಲ್ಲ. ಹೊಸನಗರದ ಆ ಬೀದಿಯಲ್ಲಿ, ಓವರ್‌ಸಿಯರರ ಮನೆಯಲ್ಲಿ ದಿನಾ ಏನೋ ವ್ರತ ಮಾಡುತ್ತಾರೆ ಎಂದು ಸುದ್ದಿಯಾಗಿತ್ತಂತೆ.

ಒಳಗಿನಿಂದ ಟಕ್ಕೆಂದು ಗೆಣ್ಣಿನ ಸದ್ದು ಕೇಳಿತು. ಬಾಗಿಲು ತೆರೆಯಿತು. ಅಕ್ಕ ನನ್ನನ್ನು ಕಂಡು, “ಬಂದ್ಯಾ? ಮೇಜು ಹ್ಯಾಗಿದೆ?” ಎಂದರು. ನಾನು ಬರೆದಿದ್ದ ಎರಡು ಕತೆಗಳನ್ನು ಚೀಲದಿಂದ ತೆಗೆದು ಕೊಟ್ಟೆ. ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೇಳಿದರು: “ನಂದು ಇವತ್ತು ಮುಗೀತು. ಈಗಷ್ಟೇ. ನಾಳೆ ತೀರ್ಥಹಳ್ಳಿಗೆ ಹೋಗ್ಬೇಕು. ಒಬ್ಬಳೇ ಓದಕ್ಕೆ ನಂಗೆ ಧೈರ್ಯ ಇಲ್ಲ, ನೀನೂ ಬಾ.”

ಆ ರಾತ್ರಿ ಅವರಲ್ಲೇ ಉಳಿದು, ಮೊದಲ ಬಸ್ಸಿಗೆ ಹೋದೆವು. ಚಿಕ್ಕಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಚಳಿಗಾಲ ಕಳೆದಿತ್ತು, ಅವರೂ ಉಳಿದಿದ್ದರು, ಆದರೆ ಉಸಿರಾಡುವುದೇ ಒಂದು ಕೆಲಸವಾಗಿತ್ತು. ಅಕ್ಕ ಬೆಳಿಗ್ಗೆ ಓದಲು ಕೂತರು. ಅಡಿಗೆಮನೆಯಿಂದ ಒಗ್ಗರಣೆಯ ಘಾಟು ಬರುತ್ತಿತ್ತು, ಆಚೆ ಊಟದವರ ಗಲಾಟೆ. ಎರಡು ಕಡೆ ಅಕ್ಕ ಕಾಗದವನ್ನು ನನ್ನ ಕೈಗೆ ದಾಟಿಸಿದರು, ಅಲ್ಲಿ ನಾನು ಓದಿದೆ. ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊಡೆತದ ಭಾಗ ಬಂದಾಗ “ಹೌದು” ಎಂದರು. ಉಟ್ಟ ಸೀರೆಯಲ್ಲಿ ಹೊಳೆ ದಾಟುವ ಭಾಗ ಬಂದಾಗ ಮತ್ತೆ “ಹೌದು, ಹಂಗೇ” ಎಂದರು. ಪೇಟೆಗೆ ಬಂದು ಮೂರು ಕಲ್ಲಿಟ್ಟು ಮೊದಲ ದಿನ ಒಲೆ ಹೊತ್ತಿಸುವಲ್ಲಿಗೆ ಕತೆ ನಿಂತಿತು. ಅಷ್ಟು ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

“ಆಮೇಲೆ?” ಎಂದರು ಚಿಕ್ಕಮ್ಮ.

“ಆಮೇಲೆ ಎಂತದೂ ಇಲ್ಲ ಚಿಕ್ಕಿ. ಮುಗೀತು.”

ಮುದುಕಿ ಕಣ್ಣು ಬಿಟ್ಟರು. “ಮುಗ್ಯಕ್ಕೆ ನಾನೆಲ್ಲಿ ಸತ್ತಿದೀನಿ? ಬರ್ದಿದ್ದೆಲ್ಲ ಖರೆ ಮಗಾ. ಒಂದು ಮಾತೂ ಸುಳ್ಳಿಲ್ಲ. ನನ್ನ ಜೀವ ತಣ್ಣಗಾಯ್ತು. ಆದ್ರೆ ನಾನು ಅತ್ತಿದ್ದು ಅಷ್ಟೂ ಇದೆ, ನಗಾಡಿದ್ದು ಎಲ್ಲೇ? ಒಲೆ ಹೊತ್ತಿಸಿದ ಮೇಲಲ್ವ ನಾನು ಬದುಕಿದ್ದು! ನನ್ನ ಬೈದವರೇ ಬಂದು ಕೈಯೊಡ್ಡಿ ಇನ್ನೊಂಚೂರು ಹುಳಿ ಹಾಕಿ ಅಂದ್ರಲ್ಲ, ಅದು ಬೇಡ್ವ? ಹೋಗು, ಬರಿ. ಅವಸರ ಮಾಡ್ಬೇಡ. ನಾನು ಕಾಯ್ತೀನಿ.”

ಅಕ್ಕನಿಗೆ ಅಳು ನಗು ಎರಡೂ ಒಟ್ಟಿಗೆ ಬಂತು. ನನಗೂ. ಅವರು ಚಿಕ್ಕಮ್ಮನ ಪಾದ ಮುಟ್ಟಿ, ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದರು. ಚಿಕ್ಕಮ್ಮ ಮಾತು ಉಳಿಸಿಕೊಂಡರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಇನ್ನೂ ಎರಡು ಚಳಿಗಾಲ ದಾಟಿ, ನಗಾಡಿದ್ದನ್ನೂ ಪೂರ್ತಿ ಕೇಳಿಸಿಕೊಂಡು, ಒಂದೆರಡು ಕಡೆ ಉಪ್ಪು ಕಡಿಮೆಯಾಗಿದೆ ಎಂದು ತಿದ್ದಿಸಿಯೇ ಹೋದರು. ನನಗೆ ಮಾತ್ರ ಮನಸ್ಸಿನಲ್ಲಿ ಉಳಿದದ್ದು ಆ ಸಂಜೆಯ ಬಸ್ಸು.

ತೀರ್ಥಹಳ್ಳಿಯಿಂದ ಕೋಣಂದೂರಿನ ಮೇಲೆ ಹೊಸನಗರಕ್ಕೆ ಹೋಗುವ ಬಸ್ಸು. ನಾನು ಕೋಣಂದೂರಿನಲ್ಲಿ ಇಳಿಯಬೇಕು, ಅಮ್ಮ ಅಡಿಗೆ ಮಾಡಿಕೊಂಡು ಕಾಯುತ್ತಿದ್ದಳು. ಬಸ್ಸು ಪೇಟೆ ದಾಟಿತೋ ಇಲ್ಲವೋ, ಅಕ್ಕನ ತುಟಿ ಅಲ್ಲಾಡತೊಡಗಿತು. ಸ್ವಲ್ಪ ಹೊತ್ತಿಗೆ ಚೀಲದಿಂದ ಒಂದು ನಕ್ಷೆಯ ಹಾಳೆ ಹೊರಬಂತು.

“ಗಾಳಿಗೆ ಕಾಗದ ಹಾರುತ್ತೆ. ನೀನು ಕಿಟಕಿ ಕಡೆ ಬಾ” ಎಂದರು. ಜಾಗ ಬದಲಾಯಿಸಿಕೊಂಡೆವು. “ಹಾಂ, ಹೊರಗೆ ನೋಡ್ತಾ ಕೂತ್ಕ.”

ಮಂಡಿಯ ಮೇಲೆ ಚೀಲ, ಚೀಲದ ಮೇಲೆ ಕಾಗದ. ಸೈರನ್ನಿಲ್ಲ, ಬಾವುಟವಿಲ್ಲ, ಪಕ್ಕದ ಸೀಟಿನಲ್ಲಿ ಯಾರದೋ ಕೋಳಿ ಕೂಗುತ್ತಿತ್ತು. ಬಸ್ಸು ಹೊಂಡಕ್ಕೆ ಬಿದ್ದಾಗಲೆಲ್ಲ ಲೇಖನಿ ಎತ್ತಿ, ಎದ್ದ ಮೇಲೆ ಮತ್ತೆ ಊರುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತ ಆ ಸದ್ದನ್ನೇ ಕೇಳುತ್ತಿದ್ದೆ.

“ಕೋಣಂದೂರು, ಕೋಣಂದೂರು! ಇಳ್ಯೋರು ಬೇಗ ಇಳೀರಿ” ಎಂದು ಕಂಡಕ್ಟರ್ ಕೂಗಿದ.

ಇಳಿಯಬೇಕಾದರೆ ಅಕ್ಕ ಏಳಬೇಕು, ಕಾಗದ ಎತ್ತಬೇಕು. ಲೇಖನಿ ಇನ್ನೂ ಓಡುತ್ತಿತ್ತು. ಒಂದು ನಗುವಿನ ಮಧ್ಯದಲ್ಲಿ ಇದ್ದರೆಂದು ಕಾಣುತ್ತದೆ, ತುಟಿಯಂಚು ಮೇಲಕ್ಕೆ ಹೋಗಿತ್ತು.

ನಮ್ಮೂರು ಬಂತು. ನಮ್ಮ ಮನೆಯ ಕಡೆಯ ತಿರುವೂ ಕಾಣಿಸಿತು. ನಾನು ಕಿಟಕಿ ಕಡೆ ತಿರುಗಿಯೇ ಕೂತೆ. ಬಸ್ಸು ಹೊಸನಗರದ ದಾರಿ ಹಿಡಿಯಿತು.